ಅಕ್ಷರ ಇಲ್ಲದ ಕಲ್ಲಿಗೆ ನಂಬರ್ ಇಲ್ಲ

ರಾಜಾಜಿನಗರ, ಬಸವೇಶ್ವರನಗರ, ವಿಜಯನಗರದ ಕಡೆ ಬಾಡಿಗೆ ಮನೆ ಹುಡುಕಿದವರಿಗೆ ಈ ಅನುಭವ ಆಗಿರತ್ತೆ. ಅಡಿಕೋಲು ಇಟ್ಟು ಗೀಚಿದ ಹಾಗೆ ಮೇನ್ ರೋಡು, ಕ್ರಾಸ್ ರೋಡು, 30-40 ಸೈಟುಗಳ ಸಾಲು. ಎಂಟನೇ ಮೇನ್ ಆದಮೇಲೆ ಒಂಬತ್ತನೇ ಮೇನ್. ಎಣಿಸೋಕೆ ಬಂದರೆ ಸಾಕು, ಯಾರನ್ನೂ ದಾರಿ ಕೇಳಬೇಕಾಗಿಲ್ಲ. ಹಾಗೇ ಹೋಗ್ತಿರುವಾಗ ಇದ್ದಕ್ಕಿದ್ದಂತೆ ರಸ್ತೆ ಸೊಟ್ಟಗಾಗುತ್ತೆ, ಕಿರಿದಾಗುತ್ತೆ, ಸ್ವಲ್ಪ ಏರು ಬರುತ್ತೆ. ಎದುರಿಗೆ ಒಂದು ಅರಳಿಕಟ್ಟೆ, ಪಕ್ಕದಲ್ಲಿ ಮಾರಮ್ಮನ ಗುಡಿ. ಕಾರು ತಿರುಗಿಸೋಕೆ ಜಾಗ ಇಲ್ಲ. ಊಟ ತರುವ ಡೆಲಿವರಿ ಹುಡುಗ ಮೂರು ಸಲ ಫೋನ್ ಮಾಡ್ತಾನೆ. ಇಲ್ಲಿ ಬಾಡಿಗೆ ಎರಡು ಸಾವಿರ ಕಡಿಮೆ. ಬ್ರೋಕರ್ ಕೇಳಿದರೆ, "ಇದು ಲೇಔಟ್ ಅಲ್ಲ ಸಾರ್, ಹಳೇ ಊರು" ಅಂತಾನೆ.

ನಾನಿರೋದು ಅಂಥದ್ದೇ ಒಂದು ಹಳೇ ಊರಲ್ಲಿ. ಕಂದಾಯದವರ ಭಾಷೆಯಲ್ಲಿ ಗ್ರಾಮಠಾಣ. ಕೇತಮಾರನಹಳ್ಳಿ, ಸಾಣೇಗುರುವನಹಳ್ಳಿ, ಕುರುಬರಹಳ್ಳಿ, ಅಗ್ರಹಾರ ದಾಸರಹಳ್ಳಿ, ಮಾರೇನಹಳ್ಳಿ, ಹೊಸಹಳ್ಳಿ, ಅತ್ತಿಗುಪ್ಪೆ, ಮೂಡಲಪಾಳ್ಯ. 1949ರಲ್ಲಿ ರಾಜಾಜಿನಗರ ಶುರುವಾಗಿ ಆಮೇಲೆ ಒಂದೊಂದೇ ಬಡಾವಣೆ ಬಂದಾಗ ಇವುಗಳ ಹೊಲ, ಗದ್ದೆ, ತೋಪು ಎಲ್ಲ ಸೈಟಾದವು. ಕುರುಬರಹಳ್ಳಿ ಕೆರೆ, ಮಾರೇನಹಳ್ಳಿ ಕೆರೆ ಮನೆಗಳಾದವು. ಉಳಿದದ್ದು ಮನೆಗಳಿದ್ದ ಆ ಗಂಟು ಮಾತ್ರ, ಚಿತ್ರಾನ್ನದಲ್ಲಿ ಸಿಕ್ಕ ಅನ್ನದ ಉಂಡೆ ಥರ. ನಮ್ಮ ಊರಿನ ಹೆಸರು ಹೇಳಲ್ಲ. ಯಾಕೆ ಅನ್ನೋದನ್ನ ಮುಂದೆ ಹೇಳ್ತೀನಿ.

ಎರಡು ವರ್ಷದ ಹಿಂದೆ ನಮ್ಮ ಮನೆಗೆ ನಾಲ್ಕು ಮನೆ ಆಚೆ ಒಂದು ಹಳೇ ನಾಡಹೆಂಚಿನ ಮನೆ ಕೆಡವಿದರು. ಐದಂತಸ್ತಿನ ಪೀಜಿ ಬರಬೇಕಿತ್ತು. ಜೆಸಿಬಿ ಬಂತು, ಫೂಟಿಂಗ್‌ಗೆ ಗುಂಡಿ ತೆಗೆದರು. ಶನಿವಾರ ಬೆಳಿಗ್ಗೆ ಹಾಲು ತರೋಕೆ ಹೋದವನು ಗುಂಡಿ ಪಕ್ಕ ನಿಂತುಬಿಟ್ಟೆ. ಗುಂಡಿಯ ಗೋಡೆ ಬೇಕರಿಯವರು ಕತ್ತರಿಸಿಟ್ಟ ಕೇಕಿನ ಹಾಗೆ ಪದರ ಪದರ. ಮೇಲೆ ಸಿಮೆಂಟು, ಇಟ್ಟಿಗೆ ಚೂರು, ಗುಟ್ಕಾ ಪ್ಯಾಕೆಟ್ಟು. ಅದರ ಕೆಳಗೆ ಮಂಗಳೂರು ಹೆಂಚಿನ ಚೂರುಗಳಿದ್ದ ಕೆಮ್ಮಣ್ಣು. ಬಾಸೆಲ್ ಮಿಷನ್‌ನವರು ಮಂಗಳೂರಲ್ಲಿ ಹೆಂಚಿನ ಕಾರ್ಖಾನೆ ಹಾಕಿದ್ದು 1865ರಲ್ಲಿ, ಹಾಗಾಗಿ ಅಲ್ಲಿವರೆಗಿನದು ಹೆಚ್ಚೆಂದರೆ ನೂರೈವತ್ತು ಚಿಲ್ಲರೆ ವರ್ಷ. ಆದರೆ ಗುಂಡಿ ಅಲ್ಲಿಗೆ ಮುಗಿದಿರಲಿಲ್ಲ. ಅದರ ಕೆಳಗೆ ಒಂದು ಗೇಣು ದಪ್ಪದ ಬೂದಿ ಬಣ್ಣದ ಮಣ್ಣು, ಅದರೊಳಗೆ ಇದ್ದಿಲ ಚುಕ್ಕಿ, ಕಪ್ಪು ಮಡಕೆ ಚೂರು, ಒಂದು ದನದ ಹಲ್ಲು. ಅದರ ಕೆಳಗೆ ಗಟ್ಟಿಯಾಗಿ ಬಡಿದು ಮಟ್ಟ ಮಾಡಿದ ನೆಲ. ಅದರ ಕೆಳಗೆ ಮತ್ತೆ ಬೂದಿ. ಊರು ಯಾಕೆ ಸ್ವಲ್ಪ ಎತ್ತರದಲ್ಲಿದೆ, ಮಳೆ ಬಂದರೆ ಲೇಔಟಿನ ಮನೆಗಳಿಗೆ ನೀರು ನುಗ್ಗಿ ನಮ್ಮ ಬೀದಿ ಯಾಕೆ ಒಣಗಿರುತ್ತೆ ಅನ್ನೋದು ಅವತ್ತು ಗೊತ್ತಾಯ್ತು. ನಾವು ದಿಬ್ಬದ ಮೇಲೆ ಕಟ್ಟಿದ ಮನೆಗಳಲ್ಲಿ ಇಲ್ಲ. ಮನೆ ಮೇಲೆ ಮನೆ ಬಿದ್ದು, ಕಟ್ಟಿ, ಬಿದ್ದು, ಕಟ್ಟಿ ಆದ ದಿಬ್ಬದ ಮೇಲೆ ಇದ್ದೀವಿ.

ಒಂದು ಚೂರು ಎತ್ತಿಕೊಂಡು ಬಂದು ಫೋಟೋ ತೆಗೆದು ಗೆಳೆಯನಿಗೆ ಕಳಿಸಿದೆ. ಮೈಸೂರಲ್ಲಿ ಪುರಾತತ್ವದಲ್ಲಿ ಎಂ.ಎ. ಮಾಡಿ ಈಗ ಬ್ಯಾಂಕಲ್ಲಿ ಮನೆ ಸಾಲ ಕೊಡ್ತಾನೆ. "ಎಷ್ಟು ಹಳೇದು ಮಗಾ?" ಅಂದೆ. "ಎಷ್ಟು ಆಳದಲ್ಲಿತ್ತು? ಅದರ ಜೊತೆ ಏನಿತ್ತು? ಮೇಲೇನು, ಕೆಳಗೇನು?" ಅಂತ ವಾಪಸ್ ಕೇಳಿದ. ನಾನು ಅಳೆದಿರಲಿಲ್ಲ. "ಹಾಗಾದ್ರೆ ಅದು ಬರೀ ಮಡಕೆ ಚೂರು ಕಣೋ" ಅಂದ. ಮಂಗಳವಾರ ಸಂಜೆ ಆಫೀಸಿಂದ ಬರುವಷ್ಟರಲ್ಲಿ ಗುಂಡಿಗೆ ಕಾಂಕ್ರೀಟು ಬಿದ್ದಾಗಿತ್ತು.

ಅದೇ ಬೀದಿಯ ಕೊನೆಯಲ್ಲಿ ಒಂದು ಕಲ್ಲಿದೆ. ಸೊಂಟದೆತ್ತರ ಕಾಣುತ್ತೆ, ಉಳಿದದ್ದು ಚರಂಡಿ ಚಪ್ಪಡಿ ಕೆಳಗೆ ಹೂತಿದೆ. ಅರಿಶಿನ ಕುಂಕುಮದ ಕೆಳಗೆ, ಅದರ ಕೆಳಗಿನ ಎಣ್ಣೆಯ ಕೆಳಗೆ, ಕಣ್ಣು ಕಿರಿದು ಮಾಡಿ ನೋಡಿದರೆ ಮೂರು ಅಂತಸ್ತು. ಕೆಳಗೆ ಬಿಲ್ಲು ಹಿಡಿದ ಒಬ್ಬ, ಅವನ ಹಿಂದೆ ಎರಡು ಮೂರು ದನ. ನಡುವೆ ಅವನನ್ನ ತೋಳು ಹಿಡಿದು ಎತ್ತಿಕೊಂಡು ಹೋಗುತ್ತಿರುವ ಹೆಂಗಸರು. ಮೇಲೆ ಲಿಂಗದ ಮುಂದೆ ಕೂತಿದ್ದಾನೆ. ವೀರಗಲ್ಲು. ದನ ಕದಿಯೋಕೆ ಬಂದವರ ಜೊತೆ ಹೊಡೆದಾಡಿ ಸತ್ತವನ ಕಲ್ಲು. ಹಳೇ ಶಾಸನಗಳಲ್ಲಿ ಇದಕ್ಕೆ ತುರುಗೋಳ್ ಅಂತಾರೆ. ಊರಿಗೆ ಬೆಂಕಿ ಬಿದ್ದಾಗ, ಊರೇ ಹಾಳಾದಾಗ ಕಾದಾಡಿ ಸತ್ತರೆ ಊರಳಿವು. ಹೆಂಗಸರ ಮಾನಕ್ಕಾಗಿ ಸತ್ತರೆ ಪೆಣ್ಬುಯ್ಯಲ್. ಸಾಯೋಕೆ ಇಷ್ಟೊಂದು ಕಾರಣಗಳಿಗೆ ಬೇರೆ ಬೇರೆ ಹೆಸರಿಟ್ಟಿದ್ದರು ಅಂದ್ರೆ ಅವು ಎಷ್ಟು ಮಾಮೂಲಿಯಾಗಿದ್ದವು ಅಂತ ಯೋಚನೆ ಮಾಡಿ.

ಕಲ್ಲಿನ ಎದುರು ಮನೆಯ ಅಜ್ಜಿಯನ್ನ ಕೇಳಿದೆ.

"ಅದಾ? ವೀರಗಾರಪ್ಪ ಕಣ್ ಮಗಾ. ನಮ್ಮತ್ತೆ ಕಾಲದಲ್ಲಿ ದನಕ್ಕೆ ಕಾಯಿಲೆ ಬಂದ್ರೆ ಅದರ ಮುಂದಕ್ಕೆ ಹೊಡ್ಕೊಂಡ್ ಬರೋರು."

"ಯಾರಜ್ಜಿ ಅವನು?"

"ಯಾರೋ ನಮ್ಮೋನೇ. ಇನ್ಯಾರಿದ್ದಾನು?"

ಇಷ್ಟಾದ ಮೇಲೆ ನಾನು ನಮ್ಮ ಕಾಲದವರು ಮಾಡುವುದನ್ನೇ ಮಾಡಿದೆ, ಇಂಟರ್ನೆಟ್ಟಲ್ಲಿ ಹುಡುಕಿದೆ. ಬಿ.ಎಲ್. ರೈಸ್ ಅವರ 'ಎಪಿಗ್ರಾಫಿಯಾ ಕರ್ನಾಟಿಕ'ದ ಒಂಬತ್ತನೇ ಸಂಪುಟ, 1905ರದ್ದು, ಪೂರ್ತಿ ಸ್ಕ್ಯಾನ್ ಸಿಗುತ್ತೆ. ಬೆಂಗಳೂರು ಜಿಲ್ಲೆಯ ಸಂಪುಟ. ಪ್ರತಿ ತಾಲ್ಲೂಕಿನ ಶಾಸನಕ್ಕೂ ಒಂದು ನಂಬರ್. ಕನ್ನಡ ಲಿಪಿಯಲ್ಲಿ ಪಾಠ, ರೋಮನ್ ಲಿಪಿಯಲ್ಲಿ ಪಾಠ, ಇಂಗ್ಲಿಷ್ ಅನುವಾದ. ಮೂರು ರಾತ್ರಿ ಕೂತು ಹುಡುಕಿದೆ. ನಮ್ಮ ಬೀದಿಯ ಕಲ್ಲು ಅದರಲ್ಲಿಲ್ಲ. ಇರೋಕೆ ಸಾಧ್ಯವೂ ಇಲ್ಲ, ಯಾಕಂದ್ರೆ ಅದರ ಮೇಲೆ ಒಂದಕ್ಷರವೂ ಇಲ್ಲ. ಅದು ಶಾಸನಗಳ ಪುಸ್ತಕ. ಅಕ್ಷರ ಇದ್ದರೆ ನಂಬರ್, ಇಲ್ಲದಿದ್ದರೆ ಇಲ್ಲ.

ರೈಸ್ ಬಗ್ಗೆ ತಕರಾರು ತೆಗೆಯೋದು ಸ್ವಲ್ಪ ಅಧಿಕಪ್ರಸಂಗ ಅಂತ ಗೊತ್ತು. ಹನ್ನೆರಡು ಸಂಪುಟ, ಒಂಬತ್ತು ಸಾವಿರದ ಹತ್ತಿರ ಶಾಸನ. ಜೆರಾಕ್ಸ್ ಇಲ್ಲ, ಫೋನ್ ಕ್ಯಾಮೆರಾ ಇಲ್ಲ, ಎತ್ತಿನಗಾಡಿ, ಕುದುರೆ, ಒದ್ದೆ ಕಾಗದದ ಅಚ್ಚು. ಅವರು ಮತ್ತು ಅವರ ಜೊತೆಗಿದ್ದ ಪಂಡಿತರು ಬರೆದಿಡದೆ ಇದ್ದಿದ್ದರೆ ಆಮೇಲೆ ರಸ್ತೆಗೆ, ಮನೆ ಪಾಯಕ್ಕೆ, ಬಟ್ಟೆ ಒಗೆಯೋ ಕಲ್ಲಿಗೆ ಹೋದ ಎಷ್ಟೋ ಶಾಸನಗಳ ಮಾತು ನಮಗೆ ಸಿಗುತ್ತಲೇ ಇರಲಿಲ್ಲ. ನನ್ನ ತಕರಾರು ಪುಸ್ತಕದ ಮೇಲಲ್ಲ, ಅದನ್ನು ನಾವು ನೂರಿಪ್ಪತ್ತು ವರ್ಷ ಓದಿದ ರೀತಿ ಮೇಲೆ. ಯಾವ ರಾಜ, ಯಾವ ಇಸವಿ, ಯಾವ ಬಿರುದು. ಒಂದು ಊರಿನ ಹೆಸರು ಮೊದಲ ಸಲ ಎಲ್ಲಿ ಬಂತು. ಅಷ್ಟು ಸಿಕ್ಕಿದ ಕೂಡಲೇ ಪುಸ್ತಕ ಮುಚ್ಚುತ್ತೀವಿ.

ಬೇಗೂರಿನ ಶಾಸನವನ್ನೇ ತಗೊಳ್ಳಿ. ಸುಮಾರು ಕ್ರಿ.ಶ. 890ರ ವೀರಗಲ್ಲು. ಗಂಗರ ಅಧಿಕಾರಿ ನಾಗತ್ತರನ ಕಡೆಯವರು ಬೆಂಗಳೂರ ಕಾಳಗದಲ್ಲಿ ಸತ್ತ ಸುದ್ದಿ ಅದರಲ್ಲಿದೆ. ಆರ್. ನರಸಿಂಹಾಚಾರ್ ಅದನ್ನು ಬೆಳಕಿಗೆ ತಂದು ನೂರು ವರ್ಷದ ಮೇಲಾಯ್ತು. ಬಲ್ಲಾಳರಾಯನಿಗೆ ಅಜ್ಜಿ ಬೆಂದ ಕಾಳು ಕೊಟ್ಟ ಕಥೆಗಿಂತ ಕೆಲವು ಶತಮಾನ ಮೊದಲೇ ಈ ಹೆಸರು ಇತ್ತು ಅಂತ ಅದರಿಂದ ಗೊತ್ತಾಯ್ತು. ಸರಿ, ಖುಷಿಯ ವಿಷಯವೇ. ಆದರೆ ಪ್ರತಿ ನವೆಂಬರಲ್ಲಿ ಬರುವ ರೀಲ್ಸ್ ನೋಡಿ. ಕಲ್ಲಿನ ಮೇಲೆ ಬೆರಳಿಟ್ಟು "ನೋಡಿ, ಇಲ್ಲಿದೆ ಬೆಂಗಳೂರು!" ಅಂತಾರೆ. ಕ್ಯಾಮೆರಾ ಅಲ್ಲಿಗೆ ನಿಲ್ಲುತ್ತೆ. ಆ ಪದದ ಅಕ್ಕಪಕ್ಕ ಸತ್ತವರ ಹೆಸರಿದೆಯಲ್ಲ, ಅವರು ಬರೀ ವಿಳಾಸ ಹೇಳೋಕೆ ಬಂದವರ ಹಾಗೆ ಆಗಿಬಿಟ್ಟರು. ಹೆಬ್ಬಾಳದ ಕಿತ್ತಯ್ಯನ ಕಲ್ಲಿಗೂ ಅರ್ಧ ಇದೇ ಗತಿ. 2018ರಲ್ಲಿ ಸಿಕ್ಕಿದ್ದು, ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750. ಬೆಂಗಳೂರಿನ ಅತ್ಯಂತ ಹಳೆಯ ಕನ್ನಡ ಶಾಸನ ಅನ್ನೋ ಪಟ್ಟ ಕಟ್ಟಿದ್ದೀವಿ. 'ಅತ್ಯಂತ ಹಳೆಯ' ಅನ್ನೋದು ಪದಕ, ಇತಿಹಾಸ ಅಲ್ಲ. ನನಗೆ ಅದರಲ್ಲಿ ಕುತೂಹಲ ಹುಟ್ಟಿಸಿದ್ದು 'ಪೆರ್ಬೊಳಲ್ ನಾಡು' ಅನ್ನೋ ಹೆಸರು. ಪೆರ್ಬೊಳಲ್ ಬಾಯಿಂದ ಬಾಯಿಗೆ ಸವೆದು ಹೆಬ್ಬಾಳ ಆಗಿದೆ. ನಾಡು ಅಂದರೆ ಕೆಲವು ಹಳ್ಳಿಗಳ ಗುಂಪು. ಒಂದು ಊರಲ್ಲ, ಊರುಗಳ ಒಂದು ಬಲೆ. ಈಗ ಫ್ಲೈಓವರ್ ಕೆಳಗೆ ಸಿಗ್ನಲ್‌ಗೆ ಕಾಯುವ ಜಾಗದಲ್ಲಿ ಆ ಬಲೆ ಇತ್ತು.

ಶಾಸನಗಳನ್ನ ಹೀಗಲ್ಲದೆ ಬೇರೆ ಥರ ಓದಬಹುದು ಅಂತ ತೋರಿಸಿದವರು ಇಲ್ಲ ಅಂತಲ್ಲ. ಎಂ. ಚಿದಾನಂದಮೂರ್ತಿಯವರ 'ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ' 1966ರಲ್ಲೇ ಬಂತು. ರಾಜರ ಪಟ್ಟಿ ಬದಿಗಿಟ್ಟು ಜನ ಹೇಗೆ ಬದುಕಿದರು, ಏನು ನಂಬಿದರು, ಯಾಕೆ ಸತ್ತರು ಅಂತ ಅದೇ ಕಲ್ಲುಗಳಿಂದ ಕೆದಕಿದ ಪುಸ್ತಕ. ಎಸ್. ಶೆಟ್ಟರ್ ಮತ್ತು ಜರ್ಮನಿಯ ಗುಂಥರ್ ಸೊಂಥೈಮರ್ ಸೇರಿ ಸ್ಮಾರಕಶಿಲೆಗಳ ಬಗ್ಗೆಯೇ ಒಂದು ದೊಡ್ಡ ಸಂಪುಟ ತಂದರು, 1982ರಲ್ಲಿ. ಆ ದಾರಿ ಹಿಡಿದು ರೈಸ್ ಪುಸ್ತಕಕ್ಕೆ ವಾಪಸ್ ಹೋದರೆ ಅದು ಬೇರೆಯೇ ಪುಸ್ತಕ. ಕೆರೆ ಕಟ್ಟಿಸಿದವನಿಗೆ, ತೂಬು ಇಡಿಸಿದವನಿಗೆ ಬಿಟ್ಟುವಟ್ಟ ಅಂತ ಕೆರೆ ಕೆಳಗೆ ಭೂಮಿ. ಊರಿಗಾಗಿ ಸತ್ತವನ ಮನೆಯವರಿಗೆ ನೆತ್ತರುಗೊಡಗೆ. ಗಾಣಕ್ಕೆ ತೆರಿಗೆ, ಮಗ್ಗಕ್ಕೆ ತೆರಿಗೆ, ಮನೆಗೆ ತೆರಿಗೆ. ಗದ್ದೆಯ ಅಳತೆ ಅಡಿಯಲ್ಲೂ ಇಲ್ಲ, ಗುಂಟೆಯಲ್ಲೂ ಇಲ್ಲ. ಖಂಡುಗದಲ್ಲಿ, ಕೊಳಗದಲ್ಲಿ. ಅಂದ್ರೆ ಅಷ್ಟು ಬೀಜ ಬಿತ್ತಲು ಬೇಕಾಗುವ ನೆಲ. ನೆಲದ ಅಳತೆ ಅಂದರೆ ಅದರ ಮೇಲೆ ಏನು ಬೆಳೆಯುತ್ತೆ ಅನ್ನೋದು. ಚದರಡಿಗೆ ಇಷ್ಟು ಅಂತ ಇಎಂಐ ಕಟ್ಟುವ ನಮಗೆ ಅದನ್ನು ಕಲ್ಪಿಸಿಕೊಳ್ಳೋಕೇ ಒಂದು ನಿಮಿಷ ಬೇಕು.

ಆದರೂ ಒಂದು ಮಿತಿ ಇದೆ, ಅದು ಎಷ್ಟು ಚೆನ್ನಾಗಿ ಓದಿದರೂ ಹೋಗಲ್ಲ. ಶಾಸನ ಅನ್ನೋದು ಕೊನೆಗೂ ಒಂದು ದಾಖಲೆ. ಕೊಡುವವನು ಬರೆಸಿದ್ದು, ತೆರಿಗೆ ಎತ್ತುವವನು ಬರೆಸಿದ್ದು. ಇವತ್ತಿನ ಒಂದು ಕುಟುಂಬದ ಬಗ್ಗೆ ಸಾವಿರ ವರ್ಷ ಆದಮೇಲೆ ಬರೀ ಸೇಲ್ ಡೀಡ್ ಮತ್ತು ಫಾರ್ಮ್ 16 ಸಿಕ್ಕರೆ ಏನು ಗೊತ್ತಾಗುತ್ತೆ? ಆ ಮನೆಯಲ್ಲಿ ಬೆಳಿಗ್ಗೆ ಏನು ತಿಂಡಿ ಮಾಡ್ತಿದ್ದರು ಅಂತ ಗೊತ್ತಾಗುತ್ತಾ?

ಇಲ್ಲೇ ನನಗೆ ನಿಜವಾದ ಸಿಟ್ಟು ಬರೋದು. ಬಳ್ಳಾರಿ ಕಡೆಯ ಸಂಗನಕಲ್ಲಿನಲ್ಲಿ ನಾಲ್ಕು ಸಾವಿರ ವರ್ಷದ ಹಿಂದೆ ಇದ್ದ ರೈತರು ಏನು ಉಣ್ಣುತ್ತಿದ್ದರು ಅಂತ ನಮಗೆ ಗೊತ್ತು. ಹುರುಳಿ, ಹೆಸರುಕಾಳು, ಕೊರಲೆ. ಮಣ್ಣನ್ನ ನೀರಲ್ಲಿ ಕದಡಿ, ತೇಲಿ ಬಂದ ಸುಟ್ಟ ಕಾಳುಗಳನ್ನ ಸೂಕ್ಷ್ಮದರ್ಶಕದಲ್ಲಿ ನೋಡಿ ಕಂಡುಕೊಂಡದ್ದು. ತೆಕ್ಕಲಕೋಟೆಯಲ್ಲೂ ಬ್ರಹ್ಮಗಿರಿಯಲ್ಲೂ ಅಗೆದಿದ್ದಾರೆ. ಪುಣೆ ಹತ್ತಿರದ ಇನಾಮ್‌ಗಾಂವ್‌ನಲ್ಲಿ ಡೆಕ್ಕನ್ ಕಾಲೇಜಿನವರು 1968ರಿಂದ ಹದಿನೈದು ವರ್ಷ ಅಗೆದು ತಾಮ್ರಶಿಲಾಯುಗದ ಒಂದು ಹಳ್ಳಿಯ ಮನೆಗಳನ್ನ ಒಂದೊಂದಾಗಿ ಬಿಡಿಸಿಟ್ಟರು. ಒಲೆ ಎಲ್ಲಿತ್ತು, ಕಣಜ ಎಲ್ಲಿತ್ತು, ಸತ್ತ ಮಕ್ಕಳನ್ನ ಎಲ್ಲಿ ಹೂಳುತ್ತಿದ್ದರು ಎಲ್ಲ ಗೊತ್ತು. ಅದೇ ಕ್ರಿ.ಶ. 1100ರಲ್ಲಿ ಕೆಂಗೇರಿ ಕಡೆಯ ಒಂದು ಹಳ್ಳಿಯವನ ಬಗ್ಗೆ ಕೇಳಿ. ಅವನು ಯಾರಿಗೆ ತೆರಿಗೆ ಕಟ್ಟುತ್ತಿದ್ದ ಅಂತ ಹೇಳಬಹುದು. ಅವನ ಮನೆಗೆ ಎಷ್ಟು ಕೋಣೆ ಇತ್ತು, ಅವನ ಹೆಂಡತಿ ಯಾವ ಮಡಕೆಯಲ್ಲಿ ಅಡುಗೆ ಮಾಡುತ್ತಿದ್ದಳು, ರಾಗಿ ಬೀಸುತ್ತಿದ್ದಳೋ ಸಾಮೆ ಕುಟ್ಟುತ್ತಿದ್ದಳೋ, ಅದನ್ನ ಮಣ್ಣಿಗೇ ಕೇಳಬೇಕು. ಕೇಳುವ ಅಭ್ಯಾಸವೇ ನಮಗಿಲ್ಲ. ಹಳ್ಳಿ ಶಿಲಾಯುಗದ್ದಾದರೆ ಅಗೆಯುತ್ತೀವಿ. ಮಧ್ಯಕಾಲ ಅಂದ ಕೂಡಲೇ ಕಣ್ಣು ದೇವಸ್ಥಾನದ ಗೋಪುರಕ್ಕೆ, ಕೋಟೆ ಗೋಡೆಗೆ, ಶಾಸನಕ್ಕೆ ಹೋಗುತ್ತೆ. ಬರಹ ಸಿಕ್ಕ ಕ್ಷಣದಿಂದ ಮಣ್ಣಿನ ಮಾತು ಕೇಳೋದು ನಿಲ್ಲಿಸಿಬಿಟ್ಟಿದ್ದೀವಿ.

ಬೇರೆ ಕಡೆಯೂ ಮೊದಲು ಹೀಗೇ ಇತ್ತು. ಇಂಗ್ಲೆಂಡಿನ ಯಾರ್ಕ್‌ಷೈರ್‌ನಲ್ಲಿ ವಾರಮ್ ಪರ್ಸಿ ಅಂತ ಒಂದು ಹಾಳೂರಿದೆ. ಸುಮಾರು 1500ರ ಹೊತ್ತಿಗೆ ಜನರೆಲ್ಲ ಹೋಗಿ, ಹೊಲ ಕುರಿ ಮೇಯುವ ಹುಲ್ಲುಗಾವಲಾದ ಊರು. ಚರ್ಚಿನ ಗೋಡೆ ಬಿಟ್ಟರೆ ನೆಲದ ಮೇಲೆ ಹುಲ್ಲು ಮುಚ್ಚಿದ ಏರುತಗ್ಗು ಅಷ್ಟೇ. 1950ರಲ್ಲಿ ಮಾರಿಸ್ ಬೆರೆಸ್‌ಫರ್ಡ್ ಅಂತ ಒಬ್ಬ ಆರ್ಥಿಕ ಇತಿಹಾಸದ ಮೇಷ್ಟ್ರು ಅಲ್ಲಿ ಅಗೆಯೋಕೆ ಶುರು ಮಾಡಿದರು. ಸ್ವಲ್ಪ ದಿನಕ್ಕೆ ಜಾನ್ ಹರ್ಸ್ಟ್ ಅನ್ನೋ ಪುರಾತತ್ವದವರು ಜೊತೆಯಾದರು. ಆಮೇಲೆ ಪ್ರತಿ ಬೇಸಿಗೆ ಕೆಲವು ವಾರ, 1990ರವರೆಗೆ. ನಲವತ್ತು ವರ್ಷ, ಒಂದು ಊರು! ಅರಮನೆ ಅಲ್ಲ, ನಿಧಿ ಇಲ್ಲ. ರೈತರ ಮನೆ, ಕೊಟ್ಟಿಗೆ, ತಿಪ್ಪೆ, ಬಾವಿ, ಸ್ಮಶಾನದ ಸುಮಾರು ಏಳುನೂರು ಅಸ್ಥಿಪಂಜರ.

ಅಲ್ಲಿನ ಒಂದು ಜಗಳ ನನಗೆ ತುಂಬ ಇಷ್ಟ. ಮನೆಗಳ ಗೋಡೆ ಮತ್ತೆ ಮತ್ತೆ ಕಟ್ಟಿದ ಗುರುತು ಕಂಡು, ಬಡವರ ಮನೆ ಎಷ್ಟು ಕಳಪೆ ಇತ್ತಪ್ಪಾ ಅಂದರೆ ತಲೆಮಾರಿಗೊಂದು ಸಲ ಬಿದ್ದುಹೋಗುತ್ತಿತ್ತು ಅಂತ ಮೊದಲು ಬರೆದರು. 1989ರಲ್ಲಿ ಸ್ಟುವರ್ಟ್ ರಾತ್ಮೆಲ್ ಅದೇ ಗುರುತುಗಳನ್ನ ಇಟ್ಟುಕೊಂಡು ಬೇರೆ ಮಾತು ಹೇಳಿದರು. ಮನೆಯ ಭಾರ ಹೊತ್ತದ್ದು ಗೋಡೆ ಅಲ್ಲ, ಗಟ್ಟಿ ಮರದ ಚೌಕಟ್ಟು. ಗೋಡೆ ಹಳೇದಾದಾಗ ಬದಲಾಯಿಸುತ್ತಿದ್ದರು, ಮನೆ ತಲೆತಲಾಂತರ ನಿಲ್ಲುತ್ತಿತ್ತು. ಅದೇ ಮಣ್ಣು, ಅದೇ ಗುಳಿ. ಬದಲಾದದ್ದು ಬಡವರ ಬಗ್ಗೆ ಓದುವವನ ತಲೆಯಲ್ಲಿದ್ದ ಚಿತ್ರ. ನಮ್ಮ ಬೀದಿಯಲ್ಲಿ ಕೆಡವಿದ ನಾಡಹೆಂಚಿನ ಮನೆಯ ಕಂಬಗಳು ನೆನಪಾದವು. ಮಣ್ಣು ಗೋಡೆ ಕೈಯಲ್ಲಿ ತಳ್ಳಿದರೆ ಬಿತ್ತು, ಕಂಬ ಕೀಳೋಕೆ ಜೆಸಿಬಿ ಬೇಕಾಯ್ತು. ಮರದ ವ್ಯಾಪಾರಿ ಬಂದು ಲಾರಿಗೆ ಹಾಕಿಕೊಂಡು ಹೋದ.

ವಾರಮ್ ಪರ್ಸಿ ಖಾಲಿ ಊರು, ಅಗೆಯೋಕೆ ಸುಲಭ, ನಮ್ಮಲ್ಲಿ ಜನ ಇದ್ದಾರಲ್ಲ ಅಂತ ನೀವು ಹೇಳಬಹುದು. ಖಾಲಿ ಊರು ನಮ್ಮಲ್ಲೂ ಇವೆ. ಕಂದಾಯ ದಾಖಲೆಗಳಲ್ಲಿ ಅವಕ್ಕೆ ಬೇಚಿರಾಕ್ ಗ್ರಾಮ ಅಂತ ಹೆಸರು. ಪಾರ್ಸಿ ಭಾಷೆಯ ಬೇ-ಚಿರಾಗ್, ದೀಪ ಇಲ್ಲದ್ದು ಅಂತ. ಸರ್ಕಾರಿ ಫೈಲಿನಲ್ಲಿ ಇಷ್ಟು ಒಳ್ಳೇ ಕವಿತೆ ಇನ್ನೊಂದಿಲ್ಲ. ಹೆಸರಿದೆ, ಸರ್ವೆ ನಂಬರ್ ಇದೆ, ಗಡಿ ಇದೆ, ದೀಪ ಹಚ್ಚುವವರಿಲ್ಲ. ಪಶ್ಚಿಮ ಬೆಂಗಳೂರಿನ ಹಳ್ಳಿಗಳ ಕಥೆ ಇದರ ತಲೆಕೆಳಗು. ಇಲ್ಲಿ ಬೀದಿ ತುಂಬ ಎಲ್‌ಇಡಿ ದೀಪ ಇದೆ, ಊರು ಕಾಣಲ್ಲ.

ಬ್ರಿಟನ್ನಿನಲ್ಲಿ 1990ರಲ್ಲಿ ಇನ್ನೊಂದು ಕೆಲಸ ಆಯ್ತು. ಕಟ್ಟಡ ಕಟ್ಟುವವನು ನೆಲದಡಿ ಏನಿದೆ ಅಂತ ಮೊದಲು ಪರೀಕ್ಷೆ ಮಾಡಿಸಬೇಕು, ಖರ್ಚು ಅವನದ್ದೇ ಅನ್ನೋ ನೀತಿ ಯೋಜನಾ ಇಲಾಖೆಯಿಂದ ಬಂತು. ನಮ್ಮಲ್ಲಿ ಕೇಂದ್ರದ ಸಂರಕ್ಷಿತ ಸ್ಮಾರಕವಾದರೆ ಸುತ್ತ ನೂರು ಮೀಟರ್ ಕಟ್ಟುವ ಹಾಗಿಲ್ಲ. ಗ್ರಾಮಠಾಣ ಸ್ಮಾರಕ ಅಲ್ಲ. ಅದರ ಮೇಲೆ ಪೀಜಿ ಕಟ್ಟೋಕೆ ಪ್ಲಾನ್ ಸ್ಯಾಂಕ್ಷನ್ ಸಾಕು, ಕೆಲವು ಸಲ ಅದೂ ಬೇಡ. ಈಗ ಕೆಂಗೇರಿ, ಯಶವಂತಪುರ ಹೋಬಳಿಗಳಲ್ಲಿ ಕೆಂಪೇಗೌಡ ಬಡಾವಣೆ ಬರ್ತಿದೆಯಲ್ಲ, ಸೂಲಿಕೆರೆ, ರಾಮಸಂದ್ರ, ಕೊಮ್ಮಘಟ್ಟ, ಕೆಂಚನಪುರ, ಚಲ್ಲಘಟ್ಟದ ಹೊಲಗಳಲ್ಲಿ, ಅಲ್ಲೂ ಇದೇ ಕಥೆ ಮೊದಲಿಂದ ನಡೀತಿದೆ. ನಾನು ದಿನಾ ವೈಟ್‌ಫೀಲ್ಡಿಂದ ನೇರಳೆ ಮಾರ್ಗದಲ್ಲಿ ವಾಪಸ್ ಬರುವಾಗ ಮೆಟ್ರೋ ಕೊನೆ ನಿಲ್ದಾಣದ ಹೆಸರು ಕೂಗುತ್ತೆ, ಚಲ್ಲಘಟ್ಟ. ನಡುವೆ ಹೊಸಹಳ್ಳಿ, ಅತ್ತಿಗುಪ್ಪೆ, ಪಟ್ಟಣಗೆರೆ. ಮರ, ಗುಪ್ಪೆ, ಕೆರೆ, ಕಟ್ಟೆ. ಒಂದು ಸಾವಿರ ವರ್ಷದ ಬೇಸಾಯವನ್ನ ಆ ಹೆಂಗಸಿನ ರೆಕಾರ್ಡೆಡ್ ದನಿ ನಿಲ್ದಾಣ ನಿಲ್ದಾಣಕ್ಕೂ ಹೇಳುತ್ತೆ, "ಬಾಗಿಲುಗಳು ಎಡಗಡೆಗೆ ತೆರೆಯಲಿವೆ" ಅನ್ನುತ್ತೆ.

ಇದೆಲ್ಲದರ ನಡುವೆ ಒಳ್ಳೆ ಕೆಲಸ ಮಾಡುತ್ತಿರುವವರನ್ನ ಹೇಳದೆ ಬಿಟ್ಟರೆ ಅನ್ಯಾಯ. ನೃಪತುಂಗ ರಸ್ತೆಯ ಮಿಥಿಕ್ ಸೊಸೈಟಿಯವರು 2021ರಿಂದ ಬೆಂಗಳೂರಿನ ಶಾಸನಗಳ 3ಡಿ ಸ್ಕ್ಯಾನ್ ಮಾಡುತ್ತಿದ್ದಾರೆ. ಕಲ್ಲಿನ ಮೇಲ್ಮೈಯ ಪ್ರತಿ ಗೀರನ್ನೂ ಹಿಡಿಯುವ ಯಂತ್ರ. ಬರಿಗಣ್ಣಿಗೆ ಕಾಣದ ಅಕ್ಷರ ತೆರೆಯ ಮೇಲೆ ಎದ್ದು ಬರುತ್ತೆ, ರೈಸ್ ಕಾಲದ ಓದನ್ನ ತಿದ್ದಬಹುದು. ನಾನು ಆ ಮಾಡೆಲ್‌ಗಳನ್ನ ಫೋನಿನಲ್ಲಿ ತಿರುಗಿಸಿ ತಿರುಗಿಸಿ ನೋಡಿದ್ದೀನಿ. ನಾಳೆ ಕಲ್ಲು ಕಳೆದರೂ ಅದರ ಮಾತು ಉಳಿಯುತ್ತೆ ಅನ್ನೋದು ಸಣ್ಣ ಸಮಾಧಾನ ಅಲ್ಲ. ಆದರೂ ಆ ಕಪ್ಪು ತೆರೆಯಲ್ಲಿ ಕಲ್ಲು ಒಂಟಿಯಾಗಿ ತಿರುಗುವಾಗ ನನಗೆ ಒಂಥರಾ ಕಸಿವಿಸಿ. ಸುತ್ತ ಕೆರೆ ಇಲ್ಲ, ಏರಿ ಇಲ್ಲ, ಎದುರುಮನೆ ಅಜ್ಜಿ ಇಲ್ಲ. ಯಾವ ದಿಕ್ಕಿಗೆ ಮುಖ ಮಾಡಿ ನಿಂತಿತ್ತು? ದನ ಬರುವ ದಾರಿ ಕಡೆಗಾ, ಊರಬಾಗಿಲ ಕಡೆಗಾ? ನನ್ನ ಗೆಳೆಯ ಮಡಕೆ ಚೂರಿಗೆ ಕೇಳಿದ ಪ್ರಶ್ನೆಯೇ ಕಲ್ಲಿಗೂ ಬೇಕು. ಅದರ ಜೊತೆ ಏನಿತ್ತು? ಶಾಸನ ಸ್ಕ್ಯಾನ್ ಮಾಡುವವರ ಹೊಣೆ ಅದಲ್ಲ. ಅದು ಯಾರ ಹೊಣೆ ಅನ್ನೋದಕ್ಕೆ ಉತ್ತರ ಇಲ್ಲದೆ ಇರೋದೇ ತೊಂದರೆ.

ಮಂಟಪ ಕಟ್ಟುವವರ ಬಗ್ಗೆ ಕಡಿಮೆ ಮಾತಾಡ್ತೀನಿ. ಭಕ್ತಿಯಿಂದ ಮಾಡ್ತಾರೆ. ಕಲ್ಲಿಗೆ ಬೆಳ್ಳಿ ಬಣ್ಣದ ಪೇಂಟು, ಸುತ್ತ ಬಾತ್‌ರೂಮ್ ಟೈಲ್ಸು, ಮುಂದೆ ಸ್ಟೀಲ್ ಗೇಟು, ಗೇಟಿನ ಮೇಲೆ ಕಾರ್ಪೊರೇಟರ್ ಫೋಟೋ. ಕಲ್ಲು ಉಳಿಯುತ್ತೆ, ಕೆತ್ತನೆ ಮುಚ್ಚಿಹೋಗುತ್ತೆ. ನಿಧ್ಯಾಸೆಗೆ ಬುಡ ಅಗೆಯುವವರಿಗಿಂತ ಇದು ಸಾವಿರ ಪಾಲು ಮೇಲು. ವೀರಗಲ್ಲಿನ ಕೆಳಗೆ ಚಿನ್ನ ಇದೆ, ಅದರ ಮೇಲಿನ ಚಿತ್ರವೇ ನಕ್ಷೆ ಅಂತ ನಂಬುವವರು ಇವತ್ತಿಗೂ ಇದ್ದಾರೆ. ಅಮಾವಾಸ್ಯೆ ರಾತ್ರಿ ಹಾರೆ ತಗೊಂಡು ಬರ್ತಾರೆ. ನಮ್ಮ ಊರಿನ ಹೆಸರು ಹೇಳದೆ ಇದ್ದದ್ದು ಇದಕ್ಕೇ.

ಇನ್ನೊಂದು ವಿಷಯ ಬರೆಯದೆ ಬಿಡೋಕಾಗಲ್ಲ. ಒಂದು ದಿನ ಅಜ್ಜಿ ಜೊತೆ ಕಟ್ಟೆ ಮೇಲೆ ಕೂತು ಹಳೇ ಊರಿನ ನಕ್ಷೆ ಬರೆಯುತ್ತಿದ್ದೆ. ಗೌಡರ ಮನೆ ಇಲ್ಲಿ, ಬಾವಿ ಇಲ್ಲಿ, ಕಣ ಇಲ್ಲಿ, ಕರುಗಲ್ಲು ಅರಳಿಮರದ ಕೆಳಗೆ. ಊರು ಕಟ್ಟುವಾಗ ಮೊದಲು ನೆಡುವ ಕಲ್ಲು ಅದು, ಈಗ ಟ್ರಾನ್ಸ್‌ಫಾರ್ಮರ್ ಕಂಬದ ಬುಡದಲ್ಲಿದೆ. ಎಲ್ಲ ಚಕಚಕ ಹೇಳಿದರು. "ಈ ಕಡೆ ಏನಿತ್ತಜ್ಜಿ?" ಅಂತ ಕಾಗದದ ಖಾಲಿ ಮೂಲೆ ತೋರಿಸಿದೆ. "ಅಲ್ಲೇನಿಲ್ಲ. ಅದು ಕೇರಿ" ಅಂದರು. ಅಲ್ಲಿ ಮೂವತ್ತು ಮನೆ ಇದ್ದವಂತೆ. ಆಮೇಲೆ ಮೆಲ್ಲಗೆ ಸೇರಿಸಿದರು, "ಅಲ್ಲೂ ಒಂದು ಕಲ್ಲಿತ್ತು. ರಸ್ತೆ ಮಾಡುವಾಗ ಹೋಯ್ತು." ಊರೊಳಗಿನ ಕಲ್ಲು ದೇವರಾಗಿ ಉಳೀತು, ಕೇರಿಯ ಕಲ್ಲು ಜಲ್ಲಿಯಾಯ್ತು. ಯಾವ ಕಲ್ಲು ನಮ್ಮ ಕಾಲದವರೆಗೆ ಬಂತು ಅನ್ನೋದೇ ಒಂದು ಶಾಸನ, ಅದನ್ನ ಬರೆದವರು ಹೊಯ್ಸಳರೋ ಚೋಳರೋ ಅಲ್ಲ. ಆ ಮೂವತ್ತು ಮನೆಗಳ ಜಾಗದಲ್ಲಿ ಈಗ ಒಂದು ಕಲ್ಯಾಣಮಂಟಪ, ಅದರ ಪಾರ್ಕಿಂಗ್. ಅದರ ಕೆಳಗೂ ಬೂದಿ ಪದರ ಇರಬೇಕು. ಕಾಂಕ್ರೀಟಿನ ಕೆಳಗೆ ಯಾರ ಒಲೆಯ ಬೂದಿ ಮೇಲು, ಯಾರದ್ದು ಕೀಳು ಅನ್ನೋಕೆ ಆಗಲ್ಲ. ಅಗೆದಿದ್ದರೆ ಕೇರಿಯವರೂ ಊರಿನವರೂ ಒಂದೇ ಮಡಕೆಯಲ್ಲಿ ಒಂದೇ ಕಾಳು ಬೇಯಿಸಿದ್ದರೋ ಇಲ್ಲವೋ ಗೊತ್ತಾಗುತ್ತಿತ್ತು. ಶಾಸನದಲ್ಲಿ ಇದು ಸಿಗಲ್ಲ.

ಹೋದ ತಿಂಗಳು ಬೀದಿಯವರೆಲ್ಲ ಸೇರಿ ವೀರಗಾರಪ್ಪನಿಗೆ ಗುಡಿ ಕಟ್ಟೋಣ ಅಂತ ತೀರ್ಮಾನಿಸಿದರು. ಮನೆಗೆ ಸಾವಿರ ರೂಪಾಯಿ. ಬಾಡಿಗೆಯವರಿಗೆ ಐನೂರು. ಕಲ್ಲನ್ನ ಎತ್ತಿ ಪಾರ್ಕಿನ ಮೂಲೆಗೆ ಇಡೋದು ಅಂತ ಪ್ಲಾನು. ನಾನು ಮೀಟಿಂಗಲ್ಲಿ ಎದ್ದು ನಿಂತು ಮಾತಾಡಿದೆ. ಸ್ಥಳ, ಸಂದರ್ಭ, ವಾರಮ್ ಪರ್ಸಿ ಎಲ್ಲ ಹೇಳೋಕೆ ಹೋದೆ. ಯಾರೂ ಕೇಳಲಿಲ್ಲ. ಕೊನೆಗೆ ಅಜ್ಜಿ ಒಂದೇ ಮಾತು ಹೇಳಿದರು, "ಸತ್ತ ಜಾಗ ಬಿಟ್ಟು ಅವನೆಲ್ಲಿಗೆ ಹೋಗ್ತಾನೆ?" ಕಲ್ಲು ಅಲ್ಲೇ ಇರಲಿ ಅಂತಾಯ್ತು. ಟೈಲ್ಸ್ ವಿಷಯದಲ್ಲಿ ನಾನು ಸೋತೆ. ಐನೂರು ಕೊಟ್ಟೆ. ಪೇಂಟು ಹೊಡೆಯುವ ಮೊದಲು ಒಂದು ಭಾನುವಾರ ನನಗೆ ಕೊಡಿ ಅಂತ ಕೇಳಿ, ಬಟ್ಟೆ ಬ್ರಶ್ಶು, ಬಿಸಿನೀರು ತಗೊಂಡು ಹೋಗಿ ಎಣ್ಣೆ ಜಿಡ್ಡು ಮೆತ್ತಗೆ ತೆಗೆದು, ನಾಲ್ಕೂ ಕಡೆಯಿಂದ ಅರವತ್ತು ಫೋಟೋ ತೆಗೆದೆ. ಆಗ ಕಂಡದ್ದು, ದನಗಳಲ್ಲಿ ಒಂದು ಕರು. ತಲೆ ಹಿಂದಕ್ಕೆ ತಿರುಗಿಸಿ ಸಾಯುತ್ತಿರುವವನನ್ನ ನೋಡುತ್ತಿದೆ. ಕೆತ್ತಿದವನಿಗೆ ಅಕ್ಷರ ಬರುತ್ತಿತ್ತೋ ಇಲ್ಲವೋ, ಕರು ನೋಡಿ ಗೊತ್ತಿತ್ತು.

ಅಜ್ಜಿಯ ಮನೆಯೂ ಈ ವರ್ಷ ಕೆಡವುತ್ತಾರೆ. ಮೊಮ್ಮಗ ಪ್ಲಾನ್ ಮಾಡಿಸಿದ್ದಾನೆ, ಲಿಫ್ಟ್ ಸಮೇತ ನಾಲ್ಕಂತಸ್ತು. "ಪಾಯ ತೆಗೆಯೋ ದಿನ ಫೋನ್ ಮಾಡ್ತೀನಿ ಬನ್ನಿ ಅಣ್ಣ, ನಿಮಗೆ ಇಂಟ್ರೆಸ್ಟ್ ಅಲ್ವಾ. ಆದ್ರೆ ಮೂರೇ ದಿನ, ಆಮೇಲೆ ಕಂಬಿ ಕಟ್ಟೋರು ಬಂದ್ಬಿಡ್ತಾರೆ" ಅಂದ. ಗೆಳೆಯನಿಗೆ ರಜಾ ಹಾಕೋಕೆ ಹೇಳಿದ್ದೀನಿ. ಅಳೆಯೋಕೆ ಐದು ಮೀಟರಿನ ಟೇಪು, ಒಂದು ಗೀಟು ನೋಟ್‌ಬುಕ್ಕು, ಒಂದಿಷ್ಟು ಜಿಪ್ ಕವರ್ ತಂದಿಟ್ಟಿದ್ದೀನಿ.